ಪರದೆಗೆ ಅರ್ಧ, ದಿಂಬಿಗೆ ಅರ್ಧ

ವರ್ಷಗಟ್ಟಲೆ ಒಂದೇ ಅಂಗಡಿಯಲ್ಲಿ, ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರ ಕೂತು ಕೆಲಸ ಮಾಡಿದರೂ ಆ ಇಬ್ಬರು ವಾರಗಿತ್ತಿಯರು ಒಬ್ಬರೊಡನೊಬ್ಬರು ನೇರವಾಗಿ ಮಾತಾಡಿದ್ದನ್ನು ಕಂಡವರಿಲ್ಲ. ಹಿರಿಯವಳು ದೊಡ್ಡಕ್ಕ, ಪರದೆ ಹೊಲಿಯುವವಳು. ಎರಡನೆಯವಳು ಸಣ್ಣಕ್ಕ, ದಿಂಬು ಮಾಡುವವಳು. ಒಬ್ಬಳ ಮೇಜು ಎಡಗೋಡೆಗೆ, ಇನ್ನೊಬ್ಬಳದು ಬಲಗೋಡೆಗೆ. ನಡುವಿನ ಸಂದಿಯಲ್ಲಿ ಅತ್ತೆಯ ಕುರ್ಚಿ. ಮಾತೆಲ್ಲ ಆ ಕುರ್ಚಿಯ ಮೂಲಕವೇ ಹಾದು ಹೋಗಬೇಕು.

"ಅತ್ತೆ, ಸೀಮೆಸುಣ್ಣ ಆ ಕಡೆ ಹೋಗಿದ್ರೆ ಕೊಡೋಕೆ ಹೇಳಿ," ಎನ್ನುವಳು ದೊಡ್ಡಕ್ಕ.

"ಸೀಮೆಸುಣ್ಣಕ್ಕೇನು ಕಾಲಿದ್ಯಾ, ನಡ್ಕೊಂಡು ಬರೋಕೆ, ಅಂತ ಕೇಳಿ ಅತ್ತೆ," ಎನ್ನುವಳು ಸಣ್ಣಕ್ಕ.

ಅತ್ತೆ ದೊಡ್ಡಕ್ಕನ ಕಡೆ ತಿರುಗಿ, "ಅಲ್ಲಿಲ್ಲವಂತಮ್ಮ," ಎನ್ನುವರು. ಇಬ್ಬರ ಕಿವಿಗೂ ಎಲ್ಲವೂ ಬಿದ್ದಿರುತ್ತಿತ್ತು. ಆದರೂ ಅತ್ತೆ ಮುಳ್ಳು ಕಿತ್ತು ದಾಟಿಸಿದ ಮಾತೇ ಲೆಕ್ಕಕ್ಕೆ. ಉಳಿದದ್ದು ಯಾರೂ ಆಡಿಲ್ಲ, ಯಾರೂ ಕೇಳಿಲ್ಲ. ಈ ಏರ್ಪಾಡಿನಿಂದ ಆ ಮನೆ ಅದೆಷ್ಟು ಅನಾಹುತಗಳಿಂದ ಪಾರಾಗಿತ್ತೋ.

ಜಗಳಕ್ಕೆ ಕಾರಣವೇನು ಎಂದು ಕೇಳಿದರೆ ಒಬ್ಬಳು ಕಿಟಕಿ ಎನ್ನುತ್ತಿದ್ದಳು, ಇನ್ನೊಬ್ಬಳು ಹೊಲಿಗೆ ಯಂತ್ರ ಎನ್ನುತ್ತಿದ್ದಳು. ಗಂಡಂದಿರನ್ನು ಕೇಳುವ ಹಾಗಿರಲಿಲ್ಲ. ಆ ಮನೆಯ ಗಂಡಸರು ಭಾರೀ ಬುದ್ಧಿವಂತರು. ಅಂಗಡಿಯ ವಿಷಯ ಬಂತೆಂದರೆ ಎಲ್ಲರಿಗೂ ಒಂದೇ ಸಲ ಹೊರಗೆ ಏನೋ ಕೆಲಸ ನೆನಪಾಗುತ್ತಿತ್ತು.

ಇನ್ನು ಈ ಕಥೆಗೆ ಬೇಕಾದವಳು ಕಿರಿಸೊಸೆ. ಮದುವೆಯಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಅಂಗಡಿಯ ಮೇಲಿನ ಕೋಣೆಯಲ್ಲಿ ಕಂಪ್ಯೂಟರ್ ಮುಂದೆ ಒಬ್ಬಳೇ ಕೂತು ಒಂದು ಕಂಪನಿಗೆ ವೆಬ್ ಪುಟದ ತುಂಡುಗಳನ್ನು ಮಾಡಿಕೊಡುವುದು ಅವಳ ಕೆಲಸ. ಒತ್ತುವ ಗುಂಡಿ, ಬಿಚ್ಚಿಕೊಳ್ಳುವ ಪಟ್ಟಿ, ಒಂದರ ಪಕ್ಕ ಒಂದು ನಿಲ್ಲುವ ಪೆಟ್ಟಿಗೆಗಳು. ಇಂಥವನ್ನು ಒಮ್ಮೆ ಸರಿಯಾಗಿ ಮಾಡಿಟ್ಟರೆ ಬೇಕಾದವರು ಬೇಕಾದಲ್ಲಿ ಜೋಡಿಸಿಕೊಳ್ಳುತ್ತಾರೆ. ಅದಕ್ಕೆ ಅವರ ಕಚೇರಿಯಲ್ಲಿ ಕಾಂಪೊನೆಂಟ್ ಎಂದು ಹೆಸರು. ಇದನ್ನು ಅತ್ತೆಗೆ ವಿವರಿಸಲು ಹೋಗಿ ಅವಳು ಸೋತಿದ್ದಳು. "ನಮ್ಮ ಕಿರಿಯವಳು ಗುಂಡಿ ಮಾಡ್ತಾಳೆ, ಆದರೆ ಅಂಗಿಗೆ ಹಾಕೋದಲ್ಲ," ಎಂದು ಅತ್ತೆ ಬಂದವರಿಗೆಲ್ಲ ಹೇಳಿ ಮುಗಿಸುತ್ತಿದ್ದರು. ಕೆಳಗಿನ ಮಾತು, ಕತ್ತರಿಯ ಸದ್ದು, ಯಂತ್ರದ ಗರಗರ ಎಲ್ಲ ನೆಲದ ಮೂಲಕ ಅವಳ ಕೋಣೆಗೆ ಕೇಳಿಸುತ್ತಿತ್ತು. ಕೇಳಿಸಿಕೊಳ್ಳುತ್ತಾ ಕೂರುವುದು ಅವಳಿಗೆ ಇಷ್ಟವೂ ಆಗುತ್ತಿತ್ತು.

ಹೀಗಿರುವಾಗ ಒಂದು ದಿನ ಸಣ್ಣಕ್ಕ ದಿಂಬಿಗೆ ತುಂಬುತ್ತಿದ್ದ ಹತ್ತಿ ಗಾಳಿಗೆ ಹಾರಿ, ದೊಡ್ಡಕ್ಕ ಆಗಷ್ಟೇ ಇಸ್ತ್ರಿ ಮಾಡಿ ಹರಡಿದ್ದ ಕಡುನೀಲಿ ಮಖಮಲ್ಲಿನ ಮೇಲೆಲ್ಲ ಕೂತಿತು. ದೊಡ್ಡಕ್ಕನ ಕೋಪ ಮೊದಲೇ ಮೂಗಿನ ತುದಿಯಲ್ಲಿರುತ್ತಿತ್ತು. "ಅತ್ತೆ, ನಡುವೆ ಒಂದು ಹಲಗೆ ಗೋಡೆ ಹಾಕಿಸಿಬಿಡಿ," ಎಂದಳು. "ಒಳ್ಳೇ ಮಾತು, ಇವತ್ತೇ ಹಾಕಿಸಿ," ಎಂದಳು ಸಣ್ಣಕ್ಕ. ವರ್ಷಗಳ ಮೇಲೆ ಇಬ್ಬರೂ ಒಪ್ಪಿದ ಮೊದಲ ಸಂಗತಿ ಅದು. ಗೋಡೆ ಬರಬೇಕಾದ ಜಾಗದಲ್ಲೇ ಅತ್ತೆಯ ಕುರ್ಚಿ ಇತ್ತು.

"ನೀವು ನನ್ನ ಕಡೆ ಬನ್ನಿ ಅತ್ತೆ, ಕಿಟಕಿ ಗಾಳಿ ಚೆನ್ನಾಗಿದೆ," ಎಂದಳು ದೊಡ್ಡಕ್ಕ.

"ನನ್ನ ಕಡೆ ಕೂತ್ರೆ ನಿಮ್ಮ ಬೆನ್ನಿಗೆ ಎಷ್ಟು ಬೇಕೋ ಅಷ್ಟು ದಿಂಬು," ಎಂದಳು ಸಣ್ಣಕ್ಕ.

ಅತ್ತೆಯ ಮುಖ ಸಪ್ಪಗಾಯಿತು. ನೀರು ಕುಡಿಯಲು ಕೆಳಗಿಳಿದು ಬಂದಿದ್ದ ಕಿರಿಸೊಸೆ ಅದನ್ನು ನೋಡಿದಳು. ಅವಳ ಅಪ್ಪ ಅಮ್ಮ ಬೇರೆ ಬೇರೆ ಮನೆ ಮಾಡಿಕೊಂಡಾಗ ಅವಳಿನ್ನೂ ಜಡೆ ಹಾಕಿಕೊಳ್ಳಲು ಬಾರದ ಹುಡುಗಿ. ಅವರಿಬ್ಬರೂ ಹೀಗೇ, ಪ್ರೀತಿಯಿಂದಲೇ, ನನ್ನ ಕಡೆ ಇರ್ತೀಯಾ ಎಂದು ಕೇಳಿದ್ದರು. ಯಾರ ಕಡೆ ಹೋದರೂ ಇನ್ನೊಬ್ಬರ ಕಣ್ಣಲ್ಲಿ ನೀರು. ಆ ಪ್ರಶ್ನೆಯನ್ನು ಈ ವಯಸ್ಸಿನಲ್ಲಿ ಅತ್ತೆ ಎದುರಿಸಬೇಕಾಗಿ ಬಂದದ್ದು ಅವಳಿಗೆ ಸಹಿಸಲಾಗಲಿಲ್ಲ. ಹಿಂದೆಮುಂದೆ ನೋಡದೆ ಬಾಯಿ ಬಿಟ್ಟಳು.

"ಗೋಡೆ ಯಾಕೆ ಬೇಕು? ಅಂಗಡಿಗೆ ವೆಬ್‌ಸೈಟ್ ಮಾಡ್ಕೊಡ್ತೀನಿ. ಅದರಲ್ಲಿ ಇಬ್ಬರಿಗೂ ಪಕ್ಕಪಕ್ಕದಲ್ಲೇ ಸರಿಸಮ ಜಾಗ. ಒಂದು ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇರಲ್ಲ. ಹಾಗೆ ಬದುಕೋಕಾಗುತ್ತೆ ಅಂತ ನೀವೇ ನೋಡಿ. ಎರಡು ಪೆಟ್ಟಿಗೆ ಪಕ್ಕಪಕ್ಕ ಇಡೋದು ನನಗೆ ನೀರು ಕುಡಿದಷ್ಟು ಸುಲಭ."

ಇಬ್ಬರು ವಾರಗಿತ್ತಿಯರೂ ಯೋಚಿಸಿದರು. ವೆಬ್‌ಸೈಟ್ ಎಂದರೆ ಇಬ್ಬರಿಗೂ ಆಸೆಯೇ. ಸಿಕ್ಕಿದ ಅವಕಾಶವೇ ಸಾಕೆಂದು ಅತ್ತೆ ತೀರ್ಪು ಕೊಟ್ಟುಬಿಟ್ಟರು. ಪುಟದಲ್ಲಿ ಇಬ್ಬರಿಗೂ ಸಮ ಜಾಗ ಸಿಕ್ಕರೆ ಗೋಡೆಯ ಮಾತಿಲ್ಲ. ಒಬ್ಬಳಿಗೆ ಎಳ್ಳಷ್ಟು ಕಮ್ಮಿಯಾದರೂ ಬಡಗಿಗೆ ಹೇಳಿ ಕಳಿಸುವುದು. ಕಿರಿಸೊಸೆ ಮೆಟ್ಟಿಲು ಹತ್ತಿ ಕೋಣೆಗೆ ಬಂದ ಮೇಲೆ, ಕುಡಿಯಬೇಕೆಂದಿದ್ದ ನೀರನ್ನು ಕುಡಿಯದೇ ಬಂದೆನೆಂದು ನೆನಪಾಯಿತು.

ಎಡಬಲದ ಪ್ರಶ್ನೆಯೇ ದೊಡ್ಡ ರಂಪವಾದೀತೆಂದು ಅವಳು ಹೆದರಿದ್ದಳು. ಅದು ಸುಲಭವಾಗಿ ಬಗೆಹರಿಯಿತು. ಅಂಗಡಿಯಲ್ಲಿ ಎಡಕ್ಕೆ ಪರದೆ, ಬಲಕ್ಕೆ ದಿಂಬು, ಪುಟದಲ್ಲೂ ಹಾಗೇ ಇರಲಿ ಎಂದರು. ಫೋಟೋ ತೆಗೆಯುವಾಗ ಮಾತ್ರ ಸ್ವಲ್ಪ ತಕರಾರಾಯಿತು. ದಿಂಬನ್ನು ಎಲ್ಲಿಟ್ಟು ತೆಗೆದರೂ ಹಿಂದೆ ದೊಡ್ಡಕ್ಕನ ಪರದೆಗಳು ಕಾಣುತ್ತಿದ್ದವು. "ನನ್ನ ದಿಂಬಿನ ಹಿಂದೆ ಬೇರೆಯವರ ಸಾಮಾನು ಬೇಡ," ಎಂದು ಸಣ್ಣಕ್ಕ ಹಟ ಹಿಡಿದಳು. ಕಿರಿಸೊಸೆ ಒಂದೊಂದು ಚಿತ್ರದಲ್ಲೂ ದಿಂಬಿನ ಸುತ್ತಲಿನದನ್ನೆಲ್ಲ ಅಳಿಸಿ, ಬರೀ ದಿಂಬನ್ನು ಉಳಿಸಿ ಕೊಟ್ಟಳು.

ಮೊದಲ ದಿನ ಪುಟ ತೋರಿಸಲು ಮೂವರನ್ನೂ ಮೇಲಿನ ಕೋಣೆಗೆ ಕರೆದಳು. ಮಾನಿಟರಿನ ಮೇಲೆ ಎರಡು ಪೆಟ್ಟಿಗೆಗಳು ಪಕ್ಕಪಕ್ಕ ಅಚ್ಚುಕಟ್ಟಾಗಿ ನಿಂತಿದ್ದವು. ಅತ್ತೆಗೆ ಹಾಲು ಕುಡಿದಷ್ಟು ಸಂತೋಷವಾಯಿತು. ದೊಡ್ಡಕ್ಕ ಮಾತ್ರ ಕತ್ತಿನಲ್ಲಿ ನೇತಾಡುತ್ತಿದ್ದ ಅಳತೆ ಟೇಪನ್ನು ತೆಗೆದು ಮಾನಿಟರಿಗೆ ಹಿಡಿದಳು. ಎಡ ಅಂಚಿನಿಂದ ನಡುವಿಗೆ ಒಂದು ಸಲ, ನಡುವಿನಿಂದ ಬಲ ಅಂಚಿಗೆ ಒಂದು ಸಲ.

"ಅತ್ತೆ, ಆ ಕಡೆ ಅರ್ಧ ಬೆರಳು ಜಾಸ್ತಿ ಇದೆ."

"ಸಾಧ್ಯವೇ ಇಲ್ಲ ದೊಡ್ಡಕ್ಕ," ಎಂದು ಕಿರಿಸೊಸೆ ಬಗ್ಗಿ ನೋಡಿದಳು. ನೋಡಿ ತುಟಿ ಕಚ್ಚಿಕೊಂಡಳು. ಪುಟವನ್ನು ಮೇಲೆ ಕೆಳಗೆ ಸರಿಸುವ ಬೂದುಬಣ್ಣದ ಸಪೂರ ಪಟ್ಟಿ ಬಲ ಅಂಚಿನಲ್ಲಿತ್ತು. "ಅದು ಸ್ಕ್ರೋಲ್ ಪಟ್ಟಿ. ಎಲ್ಲಾ ಪುಟದಲ್ಲೂ ಇರುತ್ತೆ. ಅದು ಯಾರಿಗೂ ಸೇರಿದ್ದಲ್ಲ."

"ಯಾರಿಗೂ ಸೇರದೇ ಇದ್ದ ಮೇಲೆ ಅವಳ ಕಡೆಗೇ ಯಾಕಿದೆ?"

"ನನ್ನ ಕಡೆ ಇದೆ ಅಂದ್ಮೇಲೆ ಅದು ನನ್ನದೇ, ಅಂತ ಹೇಳಿ ಅತ್ತೆ," ಎಂದಳು ಸಣ್ಣಕ್ಕ. ಆ ಪಟ್ಟಿ ಇದೆಯೆಂದು ಅವಳಿಗೆ ಅರಿವಾದದ್ದೇ ಆಗ.

"ಅವಳಿಗೂ ಗೊತ್ತಿಲ್ಲವಂತಮ್ಮ," ಎಂದರು ಅತ್ತೆ.

ಸ್ಕ್ರೋಲ್ ಪಟ್ಟಿಯ ಒಡೆತನದ ಬಗ್ಗೆ ಕಿರಿಸೊಸೆ ಓದಿದ ಯಾವ ಪುಸ್ತಕದಲ್ಲೂ ಒಂದು ಅಕ್ಷರ ಇರಲಿಲ್ಲ. ಹುಡುಕಾಡಿದ ಮೇಲೆ, ಎಡಕ್ಕೂ ಅಷ್ಟೇ ಅಗಲದ ಖಾಲಿ ಪಟ್ಟಿ ಬಿಡಿಸುವ ಒಂದು ಸಾಲು ಕೋಡ್ ಇದೆಯೆಂದು ಗೊತ್ತಾಯಿತು. ಅದನ್ನು ಹಾಕಿದಳು. ದೊಡ್ಡಕ್ಕ ಮತ್ತೆ ಟೇಪು ಹಿಡಿದಳು. ಈಗ ಸಮ.

"ಆದರೆ ನನ್ನ ಪಟ್ಟಿ ಅಲ್ಲಾಡಲ್ವಲ್ಲ?"

"ಅದು ಖಾಲಿ ಜಾಗ ದೊಡ್ಡಕ್ಕ."

"ಖಾಲಿಯಾದ್ರೂ ನನ್ನದೇ ತಾನೇ?"

"ನಿಮ್ಮದೇ."

ದೊಡ್ಡಕ್ಕ ಟೇಪನ್ನು ಮತ್ತೆ ಕತ್ತಿಗೆ ಹಾಕಿಕೊಂಡಳು. ಜಾಗ ಸಿಕ್ಕಿತಲ್ಲ, ಅದರಲ್ಲಿ ಏನಾದರೂ ಬೆಳೆಯುತ್ತದೋ ಇಲ್ಲವೋ ಆಮೇಲಿನ ಮಾತು.

ಆಮೇಲೆ ಶುರುವಾದದ್ದು ಬರವಣಿಗೆಯ ಯುದ್ಧ. ದೊಡ್ಡಕ್ಕ ತನ್ನ ಪರದೆಗಳ ಬಗ್ಗೆ ನಾಲ್ಕು ಮಾತು ಬರೆದುಕೊಟ್ಟಿದ್ದಳು, ಸಣ್ಣಕ್ಕ ಒಂದು ಪ್ರಬಂಧವನ್ನೇ ಕೊಟ್ಟಿದ್ದಳು. ಎರಡು ಪೆಟ್ಟಿಗೆಗಳ ಎತ್ತರ ಒಂದೇ ಇರುವಂತೆ ಮಾಡಿದ್ದರಿಂದ ದೊಡ್ಡಕ್ಕನ ಪೆಟ್ಟಿಗೆಯಲ್ಲಿ ಕೆಳಗೆಲ್ಲ ಬಟಾಬಯಲು. ಖಾಲಿ ಜಾಗ ನನ್ನದೇ ತಾನೇ ಎಂದು ಹಿಗ್ಗಿದ್ದವಳಿಗೆ ಈಗ ಅದೇ ಖಾಲಿ ಜಾಗ ಅವಮಾನವಾಗಿ ಕಂಡಿತು. ಅವಳೂ ಬರೆಯತೊಡಗಿದಳು. ಪರದೆ ಬಿಸಿಲು ತಡೆಯುತ್ತದೆ ಎಂದು ಶುರುವಾಗಿ, ಪರದೆ ಇಲ್ಲದ ಮನೆಯಲ್ಲಿ ಮಾನ ಉಳಿಯುವುದಿಲ್ಲ ಎಂಬಲ್ಲಿಗೆ ಬಂತು. ಅದಕ್ಕೆ ಸಣ್ಣಕ್ಕನ ಉತ್ತರ, ಮನುಷ್ಯ ತನ್ನ ಆಯುಷ್ಯವನ್ನೆಲ್ಲ ಕಳೆಯುವುದು ದಿಂಬಿನ ಮೇಲೆಯೇ ಹೊರತು ಕಿಟಕಿಯಲ್ಲಿ ನೇತಾಡಿಕೊಂಡಲ್ಲ ಎಂದು. ಅಂಗಡಿಗೆ ಬರುವ ಗಿರಾಕಿಗಳು ಕಾಯುತ್ತಾ ನಿಲ್ಲುತ್ತಿದ್ದರು. ಇಬ್ಬರೂ ಮೊಬೈಲಿನಲ್ಲಿ ತಲೆ ಹುದುಗಿಸಿ ಬರೆದು ಮೇಲಿನ ಕೋಣೆಗೆ ಕಳಿಸುತ್ತಿದ್ದರು. ಅತ್ತೆ ಇಬ್ಬರ ಬರಹವನ್ನೂ ಓದಿಸಿಕೊಂಡು, "ಚೆನ್ನಾಗಿದೆ, ಸಾಕು," ಎಂದು ಬೇಡಿಕೊಳ್ಳುತ್ತಿದ್ದರು.

ನಡುವೆ ಸಣ್ಣಕ್ಕ ಒಂದು ಉಪಾಯ ಕಂಡುಕೊಂಡಳು. ಪದಗಳ ನಡುವೆ ಜಾಗ ಬಿಡದೆ ಉದ್ದಕ್ಕೆ ಪೋಣಿಸಿ ಬರೆದರೆ ಆ ಸಾಲು ಎಲ್ಲೂ ಮುರಿಯಲಾಗದೆ ಪೆಟ್ಟಿಗೆಯನ್ನೇ ಹಿಗ್ಗಿಸುತ್ತದೆ, ಪಕ್ಕದವಳ ಪೆಟ್ಟಿಗೆ ಅಷ್ಟು ಕುಗ್ಗುತ್ತದೆ. ಕಚೇರಿಯಲ್ಲಿ ಇದನ್ನು ದೋಷ ಎಂದು ಕಂಡುಹಿಡಿಯಲು ಬುದ್ಧಿವಂತರಿಗೆ ತಿಂಗಳುಗಳು ಹಿಡಿದಿದ್ದವು. ಸಣ್ಣಕ್ಕ ಅದನ್ನು ಒಂದು ಮಧ್ಯಾಹ್ನದಲ್ಲಿ ಕಂಡುಕೊಂಡು ಆಯುಧ ಮಾಡಿಕೊಂಡಿದ್ದಳು. ಒಳಗೆ ಏನೇ ತುಂಬಿದರೂ ಪೆಟ್ಟಿಗೆ ತನ್ನ ಗಡಿ ದಾಟಬಾರದೆಂದು ಕಿರಿಸೊಸೆ ಇನ್ನೊಂದು ಸಾಲು ಸೇರಿಸಿದಳು. ಮನಸ್ಸಿನಲ್ಲೇ ಸಣ್ಣಕ್ಕನಿಗೆ ಕೈಮುಗಿದಳು ಕೂಡ. ಇಂಥವಳು ತಮ್ಮ ಕಚೇರಿಯಲ್ಲಿದ್ದಿದ್ದರೆ ಎಂದುಕೊಂಡಳು. ಮರುಕ್ಷಣವೇ, ಬೇಡವೇ ಬೇಡ ಎಂದುಕೊಂಡಳು.

ಅಂತೂ ಅಗಲ ಸಮ, ಎತ್ತರ ಸಮ, ಮಾತೂ ಹೆಚ್ಚುಕಡಿಮೆ ಸಮ ಆಗಿ ಪುಟ ಲೋಕಕ್ಕೆ ಕಾಣುವಂತಾಯಿತು. ಅಂಗಡಿಯಲ್ಲಿ ಅಪರೂಪದ ಶಾಂತಿ ನೆಲೆಸಿತು. ದೊಡ್ಡಕ್ಕನಂತೂ ಬೆಣ್ಣೆಯ ಹಾಗೆ ಮೆತ್ತಗಾಗಿದ್ದಳು. ಯಾರೂ ಕೇಳದೆಯೇ ಸೀಮೆಸುಣ್ಣವನ್ನು ಅತ್ತೆಯ ಕೈಗೆ ಕೊಟ್ಟು, "ಬೇಕಾದ್ರೆ ಇಟ್ಕೊಳ್ಳೋಕೆ ಹೇಳಿ," ಎಂದಳು. ಸಣ್ಣಕ್ಕನಿಗೆ ಗುಮಾನಿ ಹುಟ್ಟಿದ್ದೇ ಆಗ. ಇಷ್ಟು ದಿನ ಎಲ್ಲರೂ ನೋಡುತ್ತಿದ್ದುದು ಮೇಲಿನ ಕೋಣೆಯ ಅಗಲವಾದ ಮಾನಿಟರಿನಲ್ಲಿ. ಅವಳು ತನ್ನ ಮೊಬೈಲಿನಲ್ಲಿ ಪುಟ ತೆರೆದಳು.

ಸಪೂರ ಮೊಬೈಲಿನಲ್ಲಿ ಎರಡು ಪೆಟ್ಟಿಗೆ ಪಕ್ಕಪಕ್ಕ ಹಿಡಿಸುವುದಿಲ್ಲ. ಆಗ ಎರಡನೆಯದು ತಾನಾಗಿ ಮೊದಲನೆಯದರ ಕೆಳಗೆ ಇಳಿಯುತ್ತದೆ. ಎಲ್ಲ ಕಡೆ ಮಾಡುವುದೇ ಹಾಗೆ. ಕಚೇರಿಯಲ್ಲಿ ಮಾಡಿಟ್ಟಿದ್ದ ಕಾಂಪೊನೆಂಟಿನ ರೀತಿಯೇ ಅದು, ಯಾವುದು ಮೇಲೆ ಯಾವುದು ಕೆಳಗೆ ಎಂದು ಅಲ್ಲಿ ಯಾರೂ ಕೇಳಿರಲಿಲ್ಲ. ಅಲ್ಲಿನ ಪೆಟ್ಟಿಗೆಗಳಿಗೆ ವಾರಗಿತ್ತಿಯರಿರಲಿಲ್ಲ.

"ಅತ್ತೆ," ಎಂದಳು ಸಣ್ಣಕ್ಕ. ದನಿ ತಣ್ಣಗಿತ್ತು. "ಪರದೆ ಮೇಲೆ, ನಾನು ಅವಳ ಕಾಲ ಕೆಳಗೆ. ಇದು ಅವಳಿಗೆ ಮೊದಲೇ ಗೊತ್ತಿತ್ತಾ ಅಂತ ಕೇಳಿ."

ದೊಡ್ಡಕ್ಕ ಸೂಜಿಗೆ ದಾರ ಪೋಣಿಸುವುದರಲ್ಲಿ ಮುಳುಗಿಹೋದಳು. ಸೂಜಿಗೆ ಆಗಲೇ ದಾರ ಇತ್ತು.

ಬಡಗಿ ಬಂದ. ಅವನು ಮಾತು ಕಡಿಮೆಯ, ಹೇಳಿದ್ದನ್ನು ಮಾಡಿ ಹೋಗುವ ಮನುಷ್ಯ. ಅಂಗಡಿಯ ಅಗಲ ಅಳೆದು, ನಟ್ಟನಡುವೆ ನೆಲದ ಮೇಲೆ ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತಾ ಬಂದ. ಅತ್ತೆಯ ಕುರ್ಚಿ ಅಡ್ಡ ಬಂತು. "ಸ್ವಲ್ಪ ಕಾಲೆತ್ತಿ ಅಮ್ಮ," ಎಂದ. ಅತ್ತೆ ಕಾಲೆತ್ತಿದರು. ಗೆರೆ ಅವರ ಕುರ್ಚಿಯ ಕೆಳಗೆ ಹಾದು ಹೋಯಿತು. "ಹಲಗೆ ತಂದು ನಿಲ್ಲಿಸಿಬಿಡ್ತೀನಿ," ಎಂದು ಬಡಗಿ ಹೊರಟ. ಅತ್ತೆ ಕಾಲು ಕೆಳಗಿಡುವುದನ್ನೂ ಮರೆತು ಹಾಗೇ ಕೂತಿದ್ದರು. ಅದನ್ನು ನೋಡಿ ಕಿರಿಸೊಸೆಗೆ ಅಳು ಬಂತು. ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಕಂಪ್ಯೂಟರ್ ಮುಂದೆ ಕೂತಳು.

ಮೊದಲು, ಒಂದು ಸಲ ಇದು ಮೇಲೆ, ಇನ್ನೊಂದು ಸಲ ಅದು ಮೇಲೆ ಎಂದು ಸರದಿ ಮಾಡೋಣ ಅಂದುಕೊಂಡಳು. ಮೊದಲ ಸರದಿ ಯಾರದು ಎಂಬ ಪ್ರಶ್ನೆ ಬಂದೇ ಬರುತ್ತದೆಂದು ನೆನೆದು ಕೈಬಿಟ್ಟಳು. ಚೀಟಿ ಎತ್ತಿದ ಹಾಗೆ, ಪುಟ ತೆರೆದಾಗಲೆಲ್ಲ ಅದೃಷ್ಟ ಇದ್ದವರು ಮೇಲೆ ಬರುವಂತೆ ಮಾಡಿದಳು. ಇದಕ್ಕಿಂತ ನ್ಯಾಯ ಇನ್ನೇನಿದೆ? ಆದರೆ ಅದೃಷ್ಟಕ್ಕೆ ಹಿಂದಿನದು ನೆನಪಿರುವುದಿಲ್ಲ. ದೊಡ್ಡಕ್ಕ ತೆರೆದಾಗ ಮತ್ತೆ ಮತ್ತೆ ದಿಂಬೇ ಮೇಲೆ ಬಂತು. ಅವಳು ಕತ್ತರಿ ಕೆಳಗಿಟ್ಟು ಪುಟವನ್ನು ಮುಚ್ಚುವುದು ತೆರೆಯುವುದು, ಮುಚ್ಚುವುದು ತೆರೆಯುವುದು ಶುರುಮಾಡಿದಳು. ಸಣ್ಣಕ್ಕ ಸುಮ್ಮನಿರುತ್ತಾಳೆಯೇ? ಅವಳೂ ಹತ್ತಿ ಬದಿಗಿಟ್ಟಳು. ಯಂತ್ರಗಳೆರಡೂ ಮೂಕವಾದವು. ಮಧ್ಯಾಹ್ನದ ಹೊತ್ತಿಗೆ ಅಂಗಡಿಯಲ್ಲಿ ನಡೆಯುತ್ತಿದ್ದ ಒಂದೇ ಕೆಲಸವೆಂದರೆ ಹೆಬ್ಬೆರಳಿನದು.

"ಅವಳು ನನ್ನ ಮೊಬೈಲಿಗೆ ಏನೋ ಮಾಡಿದ್ದಾಳೆ ಅತ್ತೆ," ಎಂದಳು ದೊಡ್ಡಕ್ಕ. ಅಲ್ಲಿಗೆ ನ್ಯಾಯವೂ ಸೋತಿತು.

ಉಳಿದದ್ದು ಒಂದೇ ದಾರಿ. ಏನಾದರಾಗಲಿ, ಮೊಬೈಲಿನಲ್ಲೂ ಪಕ್ಕಪಕ್ಕದಲ್ಲೇ ನಿಲ್ಲಿಸಿಬಿಡುವುದು. ಬಡಗಿ ಹಲಗೆ ತರುವ ದಿನ ಬೆಳಿಗ್ಗೆ ಕಿರಿಸೊಸೆ ಆ ಕೆಲಸಕ್ಕೆ ಕೂತಳು. ಪೆಟ್ಟಿಗೆ ಎಷ್ಟು ಸಪೂರವಾಯಿತೆಂದರೆ ಮಾತುಗಳೆಲ್ಲ ತುಂಡು ತುಂಡಾಗಿ ಮೆಟ್ಟಿಲಿಳಿದಂತೆ ಕೆಳಗೆ ಇಳಿದವು. ಮಾನ ಉಳಿಯುವುದಿಲ್ಲ ಎಂಬುದು ಒಂದರ ಕೆಳಗೊಂದು ಚೂರಾಗಿ ಕೂತಿತ್ತು. ಇರಲಿ, ಮಾತು ಯಾರಿಗೆ ಬೇಕು ಎಂದು ಎಲ್ಲವನ್ನೂ ಕಿತ್ತು, ಚಿತ್ರಗಳನ್ನು ಮಾತ್ರ ಬಿಟ್ಟಳು. ಅಷ್ಟರಲ್ಲಿ ಕಚೇರಿಯಿಂದ ಕರೆ ಬಂತು, ಕೆಳಗೆ ಬಡಗಿಯ ಗಾಡಿಯ ಸದ್ದೂ ಕೇಳಿಸಿತು. ಗಡಿಬಿಡಿಯಲ್ಲಿ ಮೊಬೈಲಿನಲ್ಲಿ ಒಮ್ಮೆಯೂ ನೋಡದೆ ಪುಟವನ್ನು ಹಾಗೇ ಜಾಲಕ್ಕೆ ಏರಿಸಿಬಿಟ್ಟಳು. ಪೆಟ್ಟಿಗೆ ಕುಗ್ಗಿದರೆ ಚಿತ್ರವೂ ಕುಗ್ಗಬೇಕೆಂದು ಹೇಳುವ ಸಾಲು ಬರೆಯುವುದು ಮರೆತೇಹೋಯಿತು. ಈ ಕೆಲಸ ಕಲಿಯುವವರು ಮೊದಲ ವಾರದಲ್ಲಿ ಮಾಡುವ ತಪ್ಪು ಅದು. ಇವಳು ನೀರು ಕುಡಿದಷ್ಟು ಸುಲಭ ಎಂದಿದ್ದವಳು.

ಕಚೇರಿಯ ಕರೆ ಮುಗಿಯುವ ಮೊದಲೇ ಕೆಳಗಿನಿಂದ ಹೊಸ ದನಿಯೊಂದು ಕೇಳಿಸಿತು. ಬೀದಿಯ ಮೂಲೆಯಲ್ಲಿ ಹೊಸದಾಗಿ ಚಿಕಿತ್ಸಾಲಯ ತೆರೆಯುತ್ತಿದ್ದ ಹಲ್ಲಿನ ಡಾಕ್ಟರಮ್ಮ ಮೊಬೈಲ್ ಹಿಡಿದು ಬಂದಿದ್ದರು. ಒಳಗೆ ಬಂದವರು ಎಡಕ್ಕೂ ಹೋಗಲಿಲ್ಲ, ಬಲಕ್ಕೂ ಹೋಗಲಿಲ್ಲ. ನೇರವಾಗಿ ಅತ್ತೆಯ ಕುರ್ಚಿಯ ಮುಂದೆ ನಿಂತರು. ಬಡಗಿ ಹಲಗೆಯನ್ನು ಬಾಗಿಲಲ್ಲಿ ಒರಗಿಸಿಕೊಂಡು ದಾರಿಗಾಗಿ ಕಾಯುತ್ತಿದ್ದ.

"ನನಗೆ ಇದೇ ಬೇಕು," ಎಂದರು ಡಾಕ್ಟರಮ್ಮ. "ಕಾಯೋ ಕೋಣೆಗೆ. ನನ್ನ ಹತ್ರ ಬರೋರೆಲ್ಲ ಹೆದರಿಕೊಂಡೇ ಬರ್ತಾರೆ. ಇದನ್ನ ನೋಡಿದ್ರೆ ಒಂಥರಾ ಸಮಾಧಾನ ಆಗುತ್ತೆ."

ಅತ್ತೆ ಮೊಬೈಲ್ ನೋಡಿದರು. ದೊಡ್ಡಕ್ಕನ ಪರದೆಯ ಚಿತ್ರ ತನ್ನ ಪೆಟ್ಟಿಗೆ ಮೀರಿ ಪಕ್ಕದ ಪೆಟ್ಟಿಗೆಯ ತುಂಬ ಹರಡಿಕೊಂಡಿತ್ತು. ಅದರ ಮೇಲೆ, ಸುತ್ತಲಿನದನ್ನೆಲ್ಲ ಅಳಿಸಿಕೊಂಡು ಒಂಟಿಯಾಗಿದ್ದ ಸಣ್ಣಕ್ಕನ ದಿಂಬು ಬಂದು ಕೂತಿತ್ತು. ಕಡುನೀಲಿ ಪರದೆಗೆ ಒರಗಿದ ಹಳದಿ ದಿಂಬು. ಯಾರೋ ಬೇಕೆಂದೇ ಹೊಂದಿಸಿ ಇಟ್ಟಂತಿತ್ತು.

ಕಿರಿಸೊಸೆ ಮೆಟ್ಟಿಲಿಳಿದು ಓಡಿಬಂದು ಅತ್ತೆಯ ಹೆಗಲ ಮೇಲಿಂದ ಬಗ್ಗಿ ನೋಡಿದಳು. ಒಂದೇ ನೋಟಕ್ಕೆ ಏನಾಗಿದೆಯೆಂದು ಅವಳಿಗೆ ತಿಳಿಯಿತು. "ಕ್ಷಮಿಸಿ, ಅದು ನನ್ನ ತಪ್ಪು, ಒಂದು ಸಾಲು..." ಎನ್ನುವಷ್ಟರಲ್ಲಿ ಅತ್ತೆ ಅವಳ ಮುಂಗೈ ಹಿಡಿದು ಚಿವುಟಿದರು. ಆ ಚಿವುಟಿನ ಗುರುತು ಸಂಜೆಯವರೆಗೂ ಇತ್ತು.

"ಜೋಡಿ ಅದು," ಎಂದರು ಅತ್ತೆ ಡಾಕ್ಟರಮ್ಮನಿಗೆ. "ಬಿಡಿಬಿಡಿಯಾಗಿ ಕೊಡಲ್ಲ. ಎಷ್ಟು ಕಿಟಕಿ ಇದೆ ಹೇಳಿ."

ಇಬ್ಬರು ವಾರಗಿತ್ತಿಯರೂ ಒಂದೇ ಸಲ ಬಾಯಿ ತೆರೆದರು, ಒಂದೇ ಸಲ ಮುಚ್ಚಿದರು. ಗಿರಾಕಿಯ ಎದುರಲ್ಲಿ ಜಗಳ ಮಾಡಬಾರದೆಂಬ ಬುದ್ಧಿ ಇಬ್ಬರಿಗೂ ಇತ್ತು. ಡಾಕ್ಟರಮ್ಮ ಹೋದ ಮೇಲೆ ಬಡಗಿ ಕೇಳಿದ, "ಅಮ್ಮ, ಹಲಗೆ ಎಲ್ಲಿ ನಿಲ್ಲಿಸಲಿ?"

"ನಿಲ್ಲಿಸ್ಬೇಡಪ್ಪ, ಸದ್ಯಕ್ಕೆ ಗೋಡೆಗೆ ಒರಗಿಸಿಡು," ಎಂದರು ಅತ್ತೆ. "ಈ ಕೆಲಸ ಮುಗೀಲಿ."

ಮುಗಿಯುವುದು ಅಷ್ಟು ಸುಲಭವಿರಲಿಲ್ಲ. ಪರದೆಯ ಅಂಚಿಗೂ ದಿಂಬಿನ ಪಟ್ಟಿಗೂ ಒಂದೇ ಬಟ್ಟೆ ಬೇಕೆಂದು ಡಾಕ್ಟರಮ್ಮ ಹೇಳಿಹೋಗಿದ್ದರು. ಬಟ್ಟೆಯ ಒಂದೇ ಥಾನಿನಿಂದ ಇಬ್ಬರೂ ಕತ್ತರಿಸಬೇಕು. ದೊಡ್ಡಕ್ಕ ತನ್ನ ಮೇಜಿನ ಮೇಲೆ ಬಟ್ಟೆ ಹಾಸಿದಳು, ಅದು ಮೇಜು ಮೀರಿ ಅತ್ತೆಯ ತೊಡೆಯ ಮೇಲೆ ಹಾದು ಸಣ್ಣಕ್ಕನ ಮೇಜಿಗೆ ಹೋಯಿತು. ಅತ್ತೆ ಬಟ್ಟೆಯ ಕೆಳಗೆ ಕೂತಿದ್ದರು, ಬರೀ ತಲೆ ಕಾಣಿಸುತ್ತಿತ್ತು. ದೊಡ್ಡಕ್ಕ ಕತ್ತರಿ ಓಡಿಸಿದಳು. ಸಣ್ಣಕ್ಕ ನೋಡುತ್ತಿದ್ದಳು. ನೋಡುತ್ತಾ ನೋಡುತ್ತಾ ಅವಳಿಗೆ ತಡೆಯಲಾಗಲಿಲ್ಲ.

"ಹೀಗೆ ಓರೆಯಾಗಿ ಕತ್ತರಿಸಿದ್ರೆ ನನ್ನ ದಿಂಬಿಗೆ ಏನು ಉಳಿಯುತ್ತೆ?"

"ಓರೆ ಇರೋದು ನಿನ್ನ ಕಣ್ಣು. ಬಟ್ಟೆ ನೆಟ್ಟಗೇ ಇದೆ."

"ನೆಟ್ಟಗಿದ್ದಿದ್ರೆ ಇಲ್ಲಿ ಇಷ್ಟು ಸೊಟ್ಟ ಯಾಕೆ ಬಂತು?"

"ನೀನು ಆ ತುದಿ ಗಟ್ಟಿಯಾಗಿ ಹಿಡ್ಕೊಂಡಿದ್ರೆ ಬರ್ತಿರ್ಲಿಲ್ಲ."

ಅತ್ತೆ ಬಲಕ್ಕೆ ತಿರುಗಿ, "ಅವಳು ಹೇಳ್ತಿದ್ದಾಳೆ..." ಎಂದು ಶುರುಮಾಡುವ ಹೊತ್ತಿಗೆ ಮಾತು ಅವರನ್ನು ದಾಟಿ ಎಡಕ್ಕೆ ಹೋಗಿ ಮತ್ತೆ ಬಲಕ್ಕೆ ಬಂದಿರುತ್ತಿತ್ತು. ಕಿರಿಸೊಸೆ ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದಳು. ಇಬ್ಬರೂ ನೇರವಾಗಿ ಜಗಳವಾಡುತ್ತಿದ್ದರು. ಎಂಥ ಸೊಗಸಾದ ಜಗಳ! ವರ್ಷಗಟ್ಟಲೆ ಮುಳ್ಳು ಕಿತ್ತ ಮಾತು ಕೇಳಿ ಕೇಳಿ ಇಬ್ಬರಿಗೂ ಬಾಯಿ ಸಪ್ಪೆಯಾಗಿತ್ತೋ ಏನೋ, ಚಪ್ಪರಿಸಿಕೊಂಡು ಆಡುತ್ತಿದ್ದರು. ಸಂಜೆಯ ಹೊತ್ತಿಗೆ ಓರೆ ಅಂಚು ಸರಿಯಾಗಿತ್ತು. ಯಾರು ಸರಿಮಾಡಿದರೆಂದು ಇಬ್ಬರೂ ಇನ್ನೂ ವಾದಿಸುತ್ತಿದ್ದರು.

ಡಾಕ್ಟರಮ್ಮನ ಕೋಣೆಯಲ್ಲಿ ಹಲ್ಲು ಹಿಡಿದುಕೊಂಡು ಕಾದವರೆಲ್ಲ ಆ ಜೋಡಿಯನ್ನು ನೋಡಿದರು. ನೋಡಿದವರು ಕೇಳಿಕೊಂಡು ಬಂದರು. ಕಿರಿಸೊಸೆ ಮರೆತಿದ್ದ ಸಾಲನ್ನು ಬರೆಯಲು ಎರಡು ಸಲ ಕೂತಳು, ಎರಡು ಸಲವೂ ಅತ್ತೆ ಬೇಡವೆಂದರು. ಜೋಡಿ ಕೆಲಸಕ್ಕೆ ಉದ್ದನೆಯ ಮೇಜು ಬೇಕೇಬೇಕಾಯಿತು. ಗೋಡೆಗೆ ಒರಗಿದ್ದ ಹಲಗೆಯನ್ನು ಬಡಗಿ ಎರಡು ಮೇಜುಗಳ ಮೇಲೂ ಅಡ್ಡಲಾಗಿ ಹಾಸಿದ. ನಡುವೆ ಆಸರೆಯಿಲ್ಲದೆ ಹಲಗೆ ಜಗ್ಗಿತು.

"ಇಲ್ಲೊಂದು ಕಾಲು ಕೊಡ್ಬೇಕಾಗುತ್ತೆ," ಎಂದ ಬಡಗಿ. ಇಲ್ಲಿ ಎಂದರೆ ಅತ್ತೆಯ ಕುರ್ಚಿಯಿದ್ದ ಜಾಗ.

ದೊಡ್ಡಕ್ಕ ಕುರ್ಚಿಯ ಒಂದು ತೋಳು ಹಿಡಿದು ಕಿಟಕಿಯ ಕಡೆ ಎಳೆದಳು. ಸಣ್ಣಕ್ಕ ಇನ್ನೊಂದು ತೋಳು ಹಿಡಿದಳು. "ಅತ್ತೆ, ನಿಮಗೆ ಎಲ್ಲಿ ಬೇಕೋ ಅಲ್ಲಿ," ಎಂದಳು ಒಬ್ಬಳು. "ಹೌದು, ನಿಮಗೆ ಎಲ್ಲಿ ಬೇಕೋ ಅಲ್ಲಿ," ಎಂದಳು ಇನ್ನೊಬ್ಬಳು. ಇಬ್ಬರೂ ಕೈ ಮಾತ್ರ ಬಿಡಲಿಲ್ಲ. ಗೋಡೆ ತಪ್ಪಿತ್ತು, ಪ್ರಶ್ನೆ ತಪ್ಪಿರಲಿಲ್ಲ. ಕಿರಿಸೊಸೆಗೆ ಅದನ್ನು ನೋಡುತ್ತಾ ನಿಲ್ಲುವ ಧೈರ್ಯವಾಗಲಿಲ್ಲ. ತಾನು ಇಷ್ಟೆಲ್ಲ ಒದ್ದಾಡಿ ಕಡೆಗೆ ಅತ್ತೆಯನ್ನು ಅದೇ ಇಕ್ಕಟ್ಟಿಗೆ ತಂದು ನಿಲ್ಲಿಸಿದೆನಲ್ಲ ಎಂದು ಕೊರಗುತ್ತಾ ಮೇಲೆ ಹೋಗಿ ಬಾಗಿಲು ಅರ್ಧ ಹಾಕಿ ಕೆಲಸಕ್ಕೆ ಕೂತಳು. ಕೆಲಸದಲ್ಲಿ ಮನಸ್ಸಿರಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಮೆಟ್ಟಿಲ ಮೇಲೆ ಏನೋ ಬಡಿಯುವ ಸದ್ದು. ಒಂದು ಬಡಿತ, ಒಂದು ನಿಟ್ಟುಸಿರು, ಮತ್ತೊಂದು ಬಡಿತ. ಬಾಗಿಲು ತೆರೆದುಕೊಂಡಿತು. ಅತ್ತೆ ಕುರ್ಚಿಯನ್ನು ಎತ್ತಿಕೊಂಡು ನಿಂತಿದ್ದರು. ಕಿರಿಸೊಸೆ ಎದ್ದು ಓಡುವಷ್ಟರಲ್ಲಿ ಅದನ್ನು ಅವಳ ಕುರ್ಚಿಯ ಪಕ್ಕಕ್ಕೆ ತಂದು ಇಟ್ಟು, ಕೂತು, ಸೆರಗಿನಿಂದ ಮುಖ ಒರೆಸಿಕೊಂಡರು.

"ಕೆಳಗೆ ನನಗೇನು ಕೆಲಸ? ಅವರು ಈಗ ನೇರವಾಗೇ ಕಿತ್ತಾಡ್ತಾರೆ," ಎಂದರು. ಉಸಿರು ಸುಧಾರಿಸಿಕೊಂಡು ಮತ್ತೆ ಹೇಳಿದರು, "ಗೋಡೆ ಮಾತು ಬಂದ ದಿನಾನೇ ಬರೋಣ ಅಂದ್ಕೊಂಡಿದ್ದೆ. ಅವರಿಬ್ಬರೂ ಕರೆದ್ರು. ನೀನೊಬ್ಬಳು ಕರೀಲಿಲ್ಲ."

ಕರೆದರೆ ಮೂರನೇ ಕಡೆಯಿಂದ ಎಳೆದಂತಾದೀತೆಂದು ಕಿರಿಸೊಸೆ ಹೆದರಿದ್ದಳು. ಕರೆಯದಿದ್ದರೂ ನೋವಾಗುತ್ತದೆಂದು ಅವಳಿಗೆ ಹೊಳೆದೇ ಇರಲಿಲ್ಲ. ಕಣ್ಣು ಒರೆಸಿಕೊಂಡು, ತನ್ನ ಕುರ್ಚಿಯನ್ನು ಗೋಡೆಯ ಕಡೆಗೆ ಸರಿಸಿ ಅತ್ತೆಗೆ ಜಾಗ ಮಾಡಿದಳು.

"ಇಲ್ಲೇ ಕೂತ್ಕೊಳ್ಳಿ ಅತ್ತೆ," ಎಂದಳು.

"ಕೂತಾಯ್ತು, ಈಗ ಕರೀತಾಳೆ," ಎಂದರು ಅತ್ತೆ.